ಸಂಕ್ರಮಣದ ರಜೆ

ಲಕ್ಕವ್ವನ ಮುಟ್ಟು ತಿಂಗಳು ತಪ್ಪದೆ ಸಂಕ್ರಮಣದ ದಿನವೇ ಬರುತ್ತಿತ್ತು. ಸಿಂಹ ಸಂಕ್ರಮಣವಿರಲಿ, ತುಲಾ ಸಂಕ್ರಮಣವಿರಲಿ, ಒಂದು ದಿನ ಹಿಂದಿಲ್ಲ, ಒಂದು ದಿನ ಮುಂದಿಲ್ಲ. ಎರಡೂವರೆ ವರ್ಷ, ಮೂವತ್ತು ಸಂಕ್ರಮಣ. ಪಂಚಾಂಗ ಬರೆಯುವವರೂ ಅಲ್ಲೊಮ್ಮೆ ಇಲ್ಲೊಮ್ಮೆ ತಪ್ಪುತ್ತಾರೆ, ಲಕ್ಕವ್ವನ ಮೈ ತಪ್ಪಲಿಲ್ಲ. ಮಣಿಪಾಲದಂಥ ಊರು. ಕಣ್ಣುಮುಚ್ಚಿ ಕಲ್ಲೆಸೆದರೆ ಡಾಕ್ಟರೊಬ್ಬರ ಮೇಲೆ ಬೀಳುತ್ತದೆ, ಗುರಿ ತಪ್ಪಿದರೆ ಡಾಕ್ಟರಾಗಲಿಕ್ಕೆ ಬಂದವರ ಮೇಲೆ. ಅಂಥ ಊರಿನ ಆರನೇ ಮಾಳಿಗೆಯ ಫ್ಲ್ಯಾಟಿನಲ್ಲಿ, ಓದಿದ ಸೊಸೆ ಮತ್ತು ತಿಳಿದ ಅತ್ತೆ ಇಬ್ಬರ ಕಣ್ಣೆದುರು ಇದು ನಡೆಯಿತು. ಇಬ್ಬರಿಗೂ ಅನುಮಾನ ಬರಲಿಲ್ಲ. ಬಂದಿದ್ದರೆ ಅವರಿಗೇ ನಷ್ಟವಿತ್ತು.

ನಿಜ ಇಷ್ಟೇ. ಲಕ್ಕವ್ವನಿಗೆ ಗರ್ಭಕೋಶ ಇರಲಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ, ಅವಳಿಗೆ ಇಪ್ಪತ್ತೆಂಟಾಗಿದ್ದಾಗ, ಘಟ್ಟದ ಮೇಲಿನ ತನ್ನೂರಿನ ಹತ್ತಿರದ ಒಂದು ನರ್ಸಿಂಗ್ ಹೋಮಿನವರು ತೆಗೆದು ಹಾಕಿದ್ದರು. ಹೊಟ್ಟೆನೋವು ಎಂದು ಹೋಗಿದ್ದಳು. ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದರು. ಗುಳಿಗೆಗೆಂದು ಹೋದವಳು ಹೊಲಿಗೆ ಹಾಕಿಸಿಕೊಂಡು ಬಂದಳು. ಅವಳೊಬ್ಬಳೇ ಅಲ್ಲ, ಅವಳ ಓಣಿಯೊಂದರಲ್ಲೇ ಒಂಬತ್ತು ಹೆಂಗಸರು. ಕ್ಯಾನ್ಸರ್ ಅಷ್ಟು ಶಿಸ್ತಿನಿಂದ ಓಣಿಯ ಮನೆಮನೆಗೂ ಬರುವ ರೋಗವೇ ಎಂದು ಕೇಳುವಷ್ಟು ಓದು ಆ ಹೆಂಗಸರಲ್ಲಿ ಯಾರಿಗೂ ಇರಲಿಲ್ಲ. ಓದಿದವರು ಕೇಳಲಿಲ್ಲ.

ಆ ವರ್ಷವೇ ಗಂಡ ತಿಮ್ಮಣ್ಣನ ಜತೆ ಮಗಳನ್ನು ಕಟ್ಟಿಕೊಂಡು ಉಡುಪಿಗೆ ಬಂದಳು. ಬೀಡಿನಗುಡ್ಡೆಯ ಒಂದು ಶೆಡ್ಡಿನಲ್ಲಿ ಸಂಸಾರ. ಹೊಲಿಗೆಯ ಜಾಗ ಸರಿಯಾಗಿ ಮಾಯುವ ಮೊದಲೇ ತಲೆಯ ಮೇಲೆ ಕಾಂಕ್ರೀಟಿನ ಬಾಂಡ್ಲಿ. ಹನ್ನೊಂದು ವರ್ಷ ಹೊತ್ತಳು. ಸೊಂಟ ಹೋಯಿತು. ತಿಮ್ಮಣ್ಣ ಸೆಂಟ್ರಿಂಗ್ ಕೆಲಸ ಹಿಡಿದು ಗೋವಾಕ್ಕೆ ಹೋದ. ಲಕ್ಕವ್ವ ಮನೆಗೆಲಸ ಹುಡುಕತೊಡಗಿದಳು.

ಅಂಬಲಪಾಡಿಯ ಒಂದು ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸ ಸಿಕ್ಕೇಬಿಟ್ಟಿತು ಎನ್ನುವಾಗ ಬಾಯಿತಪ್ಪಿ ಆಪರೇಷನ್ನಿನ ಸುದ್ದಿ ಹೇಳಿಬಿಟ್ಟಳು. "ಗರ್ಭಕೋಶ ತೆಗೆದದ್ದಾ? ಮಗುವನ್ನು ಎತ್ತುವಾಗ ಸೊಂಟ ಹಿಡಿದರೆ ಎಂತ ಮಾಡುದು?" ಎಂದು ಆ ಮನೆಯಾಕೆ ಬಾಗಿಲು ಹಾಕಿಕೊಂಡರು. ಹನ್ನೊಂದು ವರ್ಷ ಕಾಂಕ್ರೀಟು ಎತ್ತುವಾಗ ಈ ಕಾಳಜಿ ಯಾರಿಗೂ ಬಂದಿರಲಿಲ್ಲ. ಅಂದಿನಿಂದ ಲಕ್ಕವ್ವ ಆ ಸುದ್ದಿಯನ್ನು ಬಾಯಿಗೆ ತರಲಿಲ್ಲ.

ಮಣಿಪಾಲದ ಫ್ಲ್ಯಾಟಿಗೆ ಬಂದದ್ದು ಆ ಮೇಲೆ. ಮನೆಯಾಕೆ ವಿಜೇತಾ. ದೊಡ್ಡ ಕಂಪನಿಯೊಂದರಲ್ಲಿ ನೌಕರರ ಯೋಗಕ್ಷೇಮ ನೋಡಿಕೊಳ್ಳುವ ಅಧಿಕಾರಿ. ಗಂಡ ವಿಕಾಸ್ ದೋಹಾದಲ್ಲಿ. ಆರು ತಿಂಗಳ ಹೆರಿಗೆ ರಜೆಯನ್ನು ಪೂರ್ತಿ ಸಂಬಳದೊಂದಿಗೆ ಮುಗಿಸಿ ಕೆಲಸಕ್ಕೆ ಹೊರಡುವ ಅವಸರದಲ್ಲಿದ್ದಳು. ಮಗು ತನ್ವಿ ಅತ್ತೆ ಗುಣವತಿಯ ತೊಡೆಯ ಮೇಲೆ ಕಾಲು ಬಡಿಯುತ್ತಿತ್ತು. ವಿಜೇತಾ ಲ್ಯಾಪ್‌ಟಾಪ್ ಬಿಡಿಸಿಟ್ಟುಕೊಂಡು ಸಂದರ್ಶನ ಮಾಡಿದಳು. ಆಯಾ ಎನ್ನುವುದು ಅವಮಾನವಂತೆ, ನ್ಯಾನಿ ಎನ್ನಬೇಕಂತೆ. ನೀನು ಎನ್ನಬಾರದಂತೆ, ನೀವು ಎನ್ನಬೇಕಂತೆ. ಇವೆರಡಕ್ಕೂ ಖರ್ಚಿಲ್ಲವಾದ್ದರಿಂದ ಕೂಡಲೇ ಜಾರಿಗೆ ಬಂದವು.

"ನಿಮ್ಮ ನಿರೀಕ್ಷೆ ಎಷ್ಟು ಲಕ್ಕವ್ವ?"

"ಹದಿನೈದು ಕೊಡ್ರಿ ಮೇಡಮ್ಮಾರ."

"ನೋಡಿ, ಈ ಕಟ್ಟಡದಲ್ಲಿ ಎಲ್ಲರೂ ಹನ್ನೆರಡು ಕೊಡುದು. ನಾನು ಹದಿಮೂರು ಕೊಡ್ತೇನೆ. ನೀವು ನಮ್ಮ ಮನೆಯವರ ಹಾಗೆಯೇ ಅಲ್ವಾ ಇನ್ನು?"

ಲಕ್ಕವ್ವ ಆ ಮನೆಗೆ ಬಂದು ಹತ್ತು ನಿಮಿಷ ಆಗಿತ್ತು. ಇಷ್ಟು ಬೇಗ ಮನೆಯವಳಾಗುವುದಕ್ಕೆ ಎರಡು ಸಾವಿರ ರೂಪಾಯಿ ಬಿಡಬೇಕಾಯಿತು.

ಆಗ ಗುಣವತಿ ಬಾಯಿ ತೆರೆದರು. ಅವರಿಗೆ ಲ್ಯಾಪ್‌ಟಾಪ್ ಬೇಕಾಗಿರಲಿಲ್ಲ. ಕೇಳಲಿಕ್ಕೆ ಒಂದೇ ಪ್ರಶ್ನೆ ಇತ್ತು.

"ನಿನಗೆ ತಿಂಗಳದ್ದು ಯಾವಾಗ ಆಗುದು?"

ಲಕ್ಕವ್ವನಿಗೆ ಅಂಬಲಪಾಡಿಯ ಬಾಗಿಲು ನೆನಪಾಯಿತು. ನೆಲ ನೋಡಿದಳು. ಗುಣವತಿ ಅದನ್ನು ನಾಚಿಕೆ ಎಂದುಕೊಂಡರು.

"ಅಲ್ಲ ಮಾರಾಯ್ತಿ, ನಮ್ಮದು ದೈವ ಇರುವ ಕುಟುಂಬ. ಆ ದಿನಗಳಲ್ಲಿ ನೀನು ಇಲ್ಲಿ ಇರ್ಲಿಕ್ಕೆ ಆಗುದಿಲ್ಲ. ಸಂಕ್ರಮಣದ ಹೊತ್ತಿಗಾ? ಸಂಕ್ರಮಣಕ್ಕೆ ನಾನು ಮಗುವನ್ನು ಕಟ್ಟಿಕೊಂಡು ಕಾಪುವಿನ ಕುಟುಂಬದ ಮನೆಗೆ ಹೋಗ್ಬೇಕು. ದೈವಕ್ಕೆ ದೀಪ ಇಡ್ಲಿಕ್ಕೆ ಉಂಟು. ಮೂರು ದಿನ ಅಲ್ಲಿಯೇ. ಆಗ ನಿನ್ನ ಅಗತ್ಯವೂ ಇರುದಿಲ್ಲ. ಆ ಹೊತ್ತಿಗೆ ಆದರೆ ಎಲ್ಲರಿಗೂ ಅನುಕೂಲ."

"ಹೌದ್ರಿ ಅಮ್ಮಾರ. ಆ ಹೊತ್ತಿಗೇರಿ," ಎಂದಳು ಲಕ್ಕವ್ವ.

ಹೀಗೆ ಇಲ್ಲದ ಗರ್ಭಕೋಶಕ್ಕೆ ಒಂದು ವೇಳಾಪಟ್ಟಿ ತಯಾರಾಯಿತು. ತಿಂಗಳಿಗೆ ಮೂರು ದಿನ ರಜೆ, ಆ ಮೂರು ದಿನದ ಸಂಬಳ ಕಡಿತ. ರಜೆ ಹೇಗೂ ಸಿಗುತ್ತದಲ್ಲ, ಹಾಗಾಗಿ ಭಾನುವಾರದ ರಜೆ ಇಲ್ಲ. ಹದಿಮೂರು ಸಾವಿರ ಎಂದದ್ದು ಕೈಗೆ ಬರುವಾಗ ಹನ್ನೊಂದು ಸಾವಿರದ ಏಳುನೂರು ಆಗಿರುತ್ತಿತ್ತು. ಕಟ್ಟಡದ ಉಳಿದವರು ಕೊಡುವುದಕ್ಕಿಂತಲೂ ಮುನ್ನೂರು ಕಡಿಮೆ. ಯೋಗಕ್ಷೇಮದ ಅಧಿಕಾರಿಗೆ ಕೂಡಿಸುವ ಕಳೆಯುವ ಲೆಕ್ಕ ಚೆನ್ನಾಗಿ ಬರುತ್ತಿತ್ತು.

ವಿಜೇತಾಗೂ ತಿಂಗಳು ತಿಂಗಳು ಆಗುತ್ತಿತ್ತು. ದೇವರ ಕೋಣೆಯ ಕಡೆ ಹೋಗುತ್ತಿರಲಿಲ್ಲ, ಅಷ್ಟೇ. ಎಂದಿನ ಹಾಗೆ ಕಾರು ತೆಗೆದುಕೊಂಡು ಆಫೀಸಿಗೆ ಹೋಗುತ್ತಿದ್ದಳು, ಎಂದಿನ ಹಾಗೆ ತಿಂಗಳ ಕೊನೆಗೆ ಪೂರ್ತಿ ಸಂಬಳ ಬರುತ್ತಿತ್ತು.

ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಕೆಲಸ. ಮಗುವಿಗೆ ಎಣ್ಣೆ ಹಚ್ಚುವುದು, ಮೀಯಿಸುವುದು, ಉಣಿಸುವುದು, ಕುಂಡೆ ತೊಳೆಯುವುದು, ಮಲಗಿಸುವುದು. ಅದು ಮಲಗಿದ ಮೇಲೆ ಲಕ್ಕವ್ವ ಸುಮ್ಮನೆ ಕುಳಿತಿರುವುದು ಗುಣವತಿಗೆ ಕಣ್ಣಿಗೆ ಚುಚ್ಚುತ್ತಿತ್ತು. "ಸುಮ್ಮನೆ ಕೂತರೆ ಸೊಂಟ ಹಿಡಿತದೆ" ಎನ್ನುತ್ತಿದ್ದರು. ಸೊಂಟ ಹಿಡಿಯದಿರಲೆಂದು ತೆಂಗಿನಕಾಯಿ ತುರಿಯುವುದು, ಬಂಗುಡೆ ಮೀನು ಶುದ್ಧ ಮಾಡುವುದು, ಬಾಲ್ಕನಿ ಒರೆಸುವುದು ಒಂದೊಂದಾಗಿ ಸೇರಿಕೊಂಡವು. ಮನೆಯವಳಾದ ಲಕ್ಕವ್ವನ ತಟ್ಟೆ ಲೋಟ ಮಾತ್ರ ಬಟ್ಟೆ ಒಗೆಯುವ ಮೆಷಿನ್ನಿನ ಹಿಂದೆ, ಒಂದು ಹಲಗೆಯ ಮೇಲೆ ಬೇರೆಯೇ ಇತ್ತು. ಊಟವೂ ಅಲ್ಲಿಯೇ.

ಮೂರು ದಿನದ ರಜೆಯಲ್ಲಿ ಅವಳು ಮಲ್ಪೆಗೆ ಹೋಗುತ್ತಿದ್ದಳು. ಮಗಳು ಶಶಿಕಲಾ ಮೀನು ಒಣಗಿಸುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ತಾಯಿಯೂ ಅವಳ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಬೆಳಗಿನಿಂದ ಸಂಜೆವರೆಗೆ ಮೀನಿನ ತಲೆ ಕತ್ತರಿಸುತ್ತಿದ್ದಳು. ಕಡಿತವಾದ ಸಂಬಳವನ್ನು ಹಾಗೆ ತುಂಬಿಕೊಳ್ಳುತ್ತಿದ್ದಳು. ಒಮ್ಮೆ ಮಹಿಳಾ ದಿನಾಚರಣೆಗೆ ವಿಜೇತಾ ಅವಳಿಗೊಂದು ಬಿಸಿನೀರಿನ ಚೀಲ ಉಡುಗೊರೆ ಕೊಟ್ಟಿದ್ದಳು. ಗುಲಾಬಿ ಬಣ್ಣದ್ದು. "ಆ ದಿನಗಳಲ್ಲಿ ಹೊಟ್ಟೆಗೆ ಇಟ್ಟುಕೊಂಡು ಮಲಗಿ ಲಕ್ಕವ್ವ, ರೆಸ್ಟ್ ಮಾಡಿ" ಎಂದಿದ್ದಳು. ಮೀನಿನ ಶೆಡ್ಡಿನಿಂದ ಬಂದ ಲಕ್ಕವ್ವ ಅದನ್ನು ಸೊಂಟಕ್ಕೆ ಇಟ್ಟುಕೊಂಡಳು. ಚೀಲ ಒಳ್ಳೆಯದಿತ್ತು.

ಇಷ್ಟರಲ್ಲಿ, ಕೆಲಸ ಮಾಡುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡಬೇಕೆಂದು ಸರ್ಕಾರ ತೀರ್ಮಾನಿಸಿದ ಸುದ್ದಿ ಪೇಪರಿನಲ್ಲಿ ಬಂತು. ವಿಜೇತಾಗೆ ಒಮ್ಮೆಲೇ ಹೊಳೆಯಿತು. ಸರ್ಕಾರ ಒಂದು ದಿನ ಕೊಡುವ ಮೊದಲೇ ತಾನು ಮೂರು ದಿನ ಕೊಡುತ್ತಿದ್ದೇನಲ್ಲ! ಆಫೀಸಿನ ಸಭೆಯಲ್ಲಿ ಹೇಳಿದಳು, ಚಪ್ಪಾಳೆ ಬಿತ್ತು. ಫೇಸ್‌ಬುಕ್ಕಿನಲ್ಲಿ ಬರೆದಳು, ನಾಲ್ಕುನೂರು ಜನ ಹೃದಯದ ಚಿತ್ರ ಒತ್ತಿದರು. "ಸಂಬಳ ಸಹಿತವಾ?" ಎಂದು ಯಾರೋ ಒಬ್ಬರು ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯಲು ಪುರುಸೊತ್ತಾಗಲಿಲ್ಲ. ಅವಳ ಮಹಿಳಾ ಸಂಘದವರು, ನ್ಯಾನಿಗಳಿಗೆ ಒಂದು ಮಾದರಿ ಒಪ್ಪಂದ ಪತ್ರ ಮಾಡಿಕೊಡು, ನಾವೆಲ್ಲ ಅದನ್ನೇ ಅನುಸರಿಸುತ್ತೇವೆ ಎಂದರು. ವಿಜೇತಾ ಎರಡು ಹಾಳೆಯಲ್ಲಿ ಮಾಡಿದಳು. ಬಣ್ಣದ ಪ್ರಿಂಟು, ಇಂಗ್ಲಿಷು. ಏಳನೆಯ ಕಲಮು ಮುಟ್ಟಿನ ರಜೆಯದು.

ಶನಿವಾರ ಮಧ್ಯಾಹ್ನ ಸಂಘದವರು ಫ್ಲ್ಯಾಟಿಗೆ ಬರುವುದೆಂದಾಯಿತು. ಅವರೆದುರು ಲಕ್ಕವ್ವ ಒಪ್ಪಂದಕ್ಕೆ ಸಹಿ ಹಾಕಬೇಕು, ಫೋಟೋ ತೆಗೆಯಬೇಕು.

ಅದೇ ವಾರ ಲಕ್ಕವ್ವನಿಗೆ ಬೇರೆಯದೇ ಚಿಂತೆ ಹತ್ತಿತ್ತು. ಶಶಿಕಲಾಗೆ ದಿನ ತುಂಬಿತ್ತು. ಚೊಚ್ಚಲು. ಗಂಡ ಭೀಮೇಶ ಒಳ್ಳೆಯವನೇ, ಆದರೆ ಹೆರಿಗೆ ವಾರ್ಡಿನ ಒಳಗೆ ಗಂಡಸರಿಗೆ ಪ್ರವೇಶವಿಲ್ಲ. ಲಕ್ಕವ್ವನ ಹೊರತು ಬೇರೆ ಹೆಣ್ಣು ದಿಕ್ಕಿಲ್ಲ. ಶಶಿಕಲಾ ಚಿಕ್ಕಂದಿನಿಂದ ತಾಯಿಯ ಹೊಟ್ಟೆಯ ಮೇಲಿನ ಗೆರೆ ನೋಡಿ ಬೆಳೆದವಳು. ಆಸ್ಪತ್ರೆಗೆ ಹೋದರೆ ಹೆಂಗಸರ ಹೊಟ್ಟೆಯಿಂದ ಏನಾದರೂ ತೆಗೆದುಕೊಂಡೇ ಕಳಿಸುತ್ತಾರೆ ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

"ಅವ್ವಾ, ನೀ ನನ್ನ ಬಾಜೂಕ ಇರಬೇಕು," ಎಂದಿದ್ದಳು ತಾಯಿಯ ಕೈ ಹಿಡಿದು. "ಯಾರರ ನನ್ನ ಹೊಟ್ಟಿಗೆ ಏನರ ಮಾಡಾಕ ಬಂದ್ರ ನೀ ಬಿಡಬ್ಯಾಡ."

"ಬಿಡಂಗಿಲ್ಲ," ಎಂದು ಲಕ್ಕವ್ವ ಮಾತು ಕೊಟ್ಟಿದ್ದಳು.

ಸೋಮವಾರವೇ ಗುಣವತಿಯನ್ನು ಕೇಳಿದಳು. "ಅಮ್ಮಾರ, ಮಗಳ ಹೆರಿಗಿ ಐತ್ರಿ ಈ ವಾರ. ನಾಕು ದಿನ ಬಿಡ್ರಿ."

"ಈ ತಿಂಗಳ ರಜೆ ಮುಗಿಯಿತಲ್ಲ ನಿನ್ನದು?" ಎಂದರು ಗುಣವತಿ. "ಕುಂಭ ಸಂಕ್ರಮಣ ಕಳೆದು ಹತ್ತು ದಿನ ಆಯಿತು. ಹೆರಿಗೆ ಸಂಕ್ರಮಣದ ಹೊತ್ತಿಗೆ ಆಗಿದ್ದರೆ ಒಳ್ಳೆದಿತ್ತು. ಈಗ ಎಂತ ಮಾಡ್ಲಿಕ್ಕಾಗ್ತದೆ?"

ಹುಟ್ಟುವ ಕೂಸಿಗೆ ಈ ಮನೆಯ ಕ್ಯಾಲೆಂಡರ್ ಗೊತ್ತಿರಲಿಲ್ಲ, ಅದರದ್ದೇ ತಪ್ಪು. ಲಕ್ಕವ್ವ ಬಂಗುಡೆಯ ಕಿವಿರು ಕೀಳಲು ಹೋದಳು.

ಶನಿವಾರ ಬಂತು. ಸಂಘದವರು ನಾಲ್ವರು ಬಂದರು. ಅಧ್ಯಕ್ಷೆ ಒಲಿಂಡಾಬಾಯಿ, ಕುವೈಟಿನಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಆಗಿ ದುಡಿದು ಬಂದವರು, ಸೋಫಾದ ನಡುವೆ ಕುಳಿತರು. ಲಕ್ಕವ್ವ ಬೆಳಗಿನಿಂದ ಗೋಳಿಬಜೆಗೆ ಹಿಟ್ಟು ಕಲಸಿ, ಒಲೆಯ ಮುಂದೆ ನಿಂತು ಕರಿದು, ಒಂದು ಕೈಯಲ್ಲಿ ತಟ್ಟೆ, ಸೊಂಟದ ಮೇಲೆ ಹದಿಮೂರು ಕಿಲೋದ ತನ್ವಿಯನ್ನು ಇಟ್ಟುಕೊಂಡು ಹಂಚಿದಳು. ಮೂರು ವರ್ಷದ ತನ್ವಿ ಅಂದು ಹೊಸ ಮುಖಗಳನ್ನು ಕಂಡು ಅವಳ ಕೊರಳು ಬಿಟ್ಟಿರಲಿಲ್ಲ. ಲಕ್ಕವ್ವನಿಗೆ ಆ ಕೂಸಿನ ಮೇಲೆ ಜೀವವಿತ್ತು. ಅದರ ಮೊದಲ ಹಲ್ಲು ಕಂಡವಳು ಅವಳು, ಮೊದಲ ಹೆಜ್ಜೆಗೆ ಕೈಕೊಟ್ಟವಳು ಅವಳು. ವಿಜೇತಾ ಎರಡನ್ನೂ ವಿಡಿಯೋದಲ್ಲಿ ನೋಡಿದ್ದಳು.

ವಿಜೇತಾ ಒಪ್ಪಂದ ಓದಿದಳು. ಏಳನೆಯ ಕಲಮಿಗೆ ಬಂದಾಗ ದನಿ ತುಸು ಏರಿತು. "ಮೂವತ್ತು ತಿಂಗಳಿಂದ, ಒಂದು ತಿಂಗಳೂ ತಪ್ಪದೆ, ನಮ್ಮ ಲಕ್ಕವ್ವನಿಗೆ ಮೂರು ದಿನ ಪೀರಿಯಡ್ ಲೀವ್!"

"ಎಷ್ಟು ಒಳ್ಳೆದು," ಎಂದರು ಒಬ್ಬರು, ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದುತ್ತಾ.

"ಸಂಕ್ರಮಣಕ್ಕೆ ಸರಿಯಾಗಿ ಆಗುದು ಅವಳಿಗೆ. ಒಂದು ದಿನ ಆಚೀಚೆ ಇಲ್ಲ," ಎಂದು ಗುಣವತಿಯೂ ಹೆಮ್ಮೆಯಿಂದ ಸೇರಿಸಿದರು. "ನಮ್ಮ ದೈವದ ಕಾರಣಿಕ, ಮಹಿಮೆ ಅದು."

ಒಲಿಂಡಾಬಾಯಿ ಚಹಾದ ಲೋಟ ಕೆಳಗಿಟ್ಟರು. "ಮೂವತ್ತು ತಿಂಗಳು ಒಂದೇ ದಿನಕ್ಕಾ? ಹಾಗೆ ಯಾರಿಗೂ ಆಗುದಿಲ್ಲ. ಇವಳಿಗೆ ವಯಸ್ಸೆಷ್ಟು?"

ಅಷ್ಟರಲ್ಲಿ ಲಕ್ಕವ್ವನ ಸೆರಗಿನ ಗಂಟಿನಲ್ಲಿದ್ದ ಫೋನು ಹೊಡೆದುಕೊಂಡಿತು. ಭೀಮೇಶ. ಅವನ ದನಿ ಕೋಣೆಗೆಲ್ಲ ಕೇಳುತ್ತಿತ್ತು. "ಅತ್ತೀ, ಶಶಿಗೆ ನೋವು ಸುರು ಆಗ್ಯಾವು. ಸರ್ಕಾರಿ ದವಾಖಾನಿಗೆ ಕರ್ಕೊಂಡು ಬಂದೀನಿ. ಒಳಗ ಹೆಣ್ಮಕ್ಕಳ ಯಾರರ ಇರಬೇಕಂತ. ಆಕಿ ಅಂಜಾಕತ್ತಾಳ, ನಿನ್ನ ಹೆಸರ ಹಿಡಿದು ಒದರಾಕತ್ತಾಳ. ಲಗೂ ಬಾ."

ಲಕ್ಕವ್ವ ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ಮೇಡಮ್ಮಾರ, ನಾ ಹೋಗಬೇಕ್ರಿ. ನಾಕು ದಿನ ಬರಂಗಿಲ್ಲ."

ನಾಲ್ಕು ಜನ ಅತಿಥಿಗಳು ವಿಜೇತಾಳ ಮುಖ ನೋಡಿದರು. ಒಪ್ಪಂದದಲ್ಲಿ ಹೆರಿಗೆಗೆ, ಸಾವಿಗೆ, ಜ್ವರಕ್ಕೆ ಯಾವ ಕಲಮೂ ಇರಲಿಲ್ಲ. ಇದ್ದದ್ದು ಏಳನೆಯದೊಂದೇ. ವಿಜೇತಾ ಹಾಳೆಯ ಮೇಲೆ ಬೆರಳಾಡಿಸಿದಳು. ಮುಖ ಅರಳಿತು.

"ಒಂದು ಕೆಲಸ ಮಾಡುವಾ ಲಕ್ಕವ್ವ. ಬರುವ ತಿಂಗಳ ಪೀರಿಯಡ್ ಲೀವನ್ನು ಅಡ್ವಾನ್ಸ್ ಆಗಿ ಈಗಲೇ ತಗೊಳ್ಳಿ. ಮೂರು ದಿನ. ರೂಲ್ಸಿನ ಒಳಗೇ ಆಯಿತು."

ಗುಣವತಿಗೆ ಇದು ಸರಿಬರಲಿಲ್ಲ. ಸೊಸೆಯ ಕಡೆ ತಿರುಗಿ ತುಳುವಿನಲ್ಲಿ ದಬಾಯಿಸಿದರು. ಈಗಲೇ ರಜೆ ಕೊಟ್ಟರೆ ಮೀನ ಸಂಕ್ರಮಣಕ್ಕೆ ಎಂತ ಮಾಡುವುದು? ಆಗ ಹೊರಗಾದವಳು ಮನೆಯಲ್ಲೇ ಕುಳಿತಿರುತ್ತಾಳಾ? ಸೊಸೆಯೂ ತುಳುವಿನಲ್ಲೇ, ಆಗ ಬೇಕಾದರೆ ಸಂಬಳವಿಲ್ಲದೆ ಇನ್ನೂ ಮೂರು ದಿನ ಕಳಿಸಿದರಾಯಿತು, ಹೇಗೂ ನಮಗೆ ಬೇಕಾಗುವುದಿಲ್ಲ ಎಂದಳು. ಇಬ್ಬರೂ ಲಕ್ಕವ್ವನ ಗರ್ಭಕೋಶವನ್ನು ನಡುವೆ ಇಟ್ಟುಕೊಂಡು ಜಗ್ಗಾಡಿದರು. ಹದಿನಾಲ್ಕು ವರ್ಷ ಉಡುಪಿಯಲ್ಲಿ ಬೆವರು ಸುರಿಸಿದವಳಿಗೆ ತುಳು ತಿಳಿಯುತ್ತದೆ ಎಂದು ಅವರಿಗೆ ಹೊಳೆದೇ ಇರಲಿಲ್ಲ.

ಒಂದು ಸುಳ್ಳು ಸಾಕಿತ್ತು. ಹ್ಞೂಂ ಎಂದಿದ್ದರೆ ಮೂರು ದಿನ ಸಿಗುತ್ತಿತ್ತು. ಮೂವತ್ತು ಸಲ ಹೇಳಿದ ಸುಳ್ಳನ್ನು ಮೂವತ್ತೊಂದನೆಯ ಸಲ ಹೇಳುವುದೇನೂ ಕಷ್ಟವಲ್ಲ. ಆದರೆ ಅಲ್ಲಿ ಮಗಳು ಹೊಟ್ಟೆ ಹಿಡಿದುಕೊಂಡು ಅಂಜುತ್ತಿದ್ದಾಳೆ. ಇಲ್ಲಿ ತಾನು, ಕತ್ತರಿಸಿ ಬಿಸಾಡಿದ ಹೊಟ್ಟೆಯ ಹೆಸರು ಹೇಳಿ ಮಗಳ ಬಳಿಗೆ ಹೋಗಲು ಭಿಕ್ಷೆ ಬೇಡಬೇಕು. ಲಕ್ಕವ್ವನಿಗೆ ಹೇಸಿಗೆಯಾಯಿತು. ಸಿಟ್ಟು ಕಾಲಿನಿಂದ ಏರಿ ಬಂತು.

"ಮೇಡಮ್ಮಾರ, ಬರೂ ತಿಂಗಳದ್ದೂ ಇಲ್ಲ, ಹ್ವಾದ ತಿಂಗಳದ್ದೂ ಇಲ್ಲ. ನನಗ ಗರ್ಭಕೋಶನ ಇಲ್ರಿ."

ಯಾರಿಗೂ ಅರ್ಥವಾಗಲಿಲ್ಲ.

"ತೆಗೆದು ಒಗದಾರ. ಹದಿನಾಕು ವರ್ಷ ಆತು. ನಿಮ್ಮ ಮನಿಗೆ ಬಂದಾಗಿಂದ ಒಂದ ಸಲಾನೂ ಹೊರಗಾಗಿಲ್ಲ ನಾ. ಸಂಕ್ರಮಣ ನಿಮ್ಮದು, ಕಾಪುವಿಗೆ ಹೋಗವ್ರು ನೀವು, ಪಗಾರ ಹೋಗಿದ್ದು ನಂದು."

ಗುಣವತಿಯ ಬಾಯಿಂದ ಮೊದಲು ಮಾತು ಹೊರಟಿತು. "ಅಯ್ಯೋ ದೇವರೇ! ಹಾಗಾದರೆ ನೀನು ಕಾಪುವಿಗೆ ನನ್ನ ಜತೆ ಬರಬಹುದಿತ್ತಲ್ಲ! ಈ ಮಗುವನ್ನು ಎತ್ತಿ ಎತ್ತಿ ನನ್ನ ಕೈ ಬಿದ್ದುಹೋಯಿತು ಮಾರಾಯ್ತಿ!"

ವಿಜೇತಾಳ ಯೋಚನೆ ಬೇರೆಯಿತ್ತು. ಅಧಿಕಾರಿಯ ಯೋಚನೆ. "ಅಂದರೆ ಇಷ್ಟು ತಿಂಗಳು ನೀವು ಸುಳ್ಳು ಕಾರಣ ಕೊಟ್ಟು ಲೀವ್ ತಗೊಂಡದ್ದಾ? ತೊಂಬತ್ತು ದಿನ? ನಿಮ್ಮ ಮೇಲೆ ಎಷ್ಟು ನಂಬಿಕೆ ಇಟ್ಟಿದ್ದೆ ನಾನು!"

ಯಾರು ತೆಗೆದರು, ಯಾಕೆ ತೆಗೆದರು ಎಂದು ಇಬ್ಬರೂ ಕೇಳಲಿಲ್ಲ. ಕೇಳಿದವರು ಒಲಿಂಡಾಬಾಯಿ ಒಬ್ಬರೇ. "ಆಗ ನಿನಗೆ ವಯಸ್ಸೆಷ್ಟು?"

"ಇಪ್ಪತ್ತೆಂಟ್ರಿ."

"ಇಪ್ಪತ್ತೆಂಟಾ?" ಮುದುಕಿ ನರ್ಸಮ್ಮನ ಕಣ್ಣು ಕೆಂಪಾಯಿತು. ಆಕೆ ವಿಜೇತಾಳ ಕಡೆ ತಿರುಗಿದರು. "ಅಲ್ಲಮ್ಮ, ಮೂವತ್ತು ತಿಂಗಳು ಒಂದೇ ದಿನಕ್ಕೆ ಆಗ್ತದೆ ಅಂತಾದರೆ ಅವಳನ್ನು ಡಾಕ್ಟರಿಗೆ ತೋರಿಸ್ಬೇಕಿತ್ತು. ಅಗ್ರಿಮೆಂಟಿಗೆ ಹಾಕುದಲ್ಲ. ಮತ್ತೆ ಆ ತೊಂಬತ್ತು ದಿನಕ್ಕೆ ಸಂಬಳ ಕೊಟ್ಟಿದ್ದೀರಾ?"

ವಿಜೇತಾ ಗೋಳಿಬಜೆಯ ತಟ್ಟೆ ನೋಡಿದಳು.

"ಸುಳ್ಳು ಹೇಳಿದ್ದು ಖರೇರಿ," ಎಂದಳು ಲಕ್ಕವ್ವ. "ಹೊಟ್ಟಿ ಒಳಗ ಏನಿಲ್ಲ ಅಂತ ಹೇಳಿದ್ರ ಕೆಲಸ ಕೊಡಂಗಿಲ್ಲ. ಐತಿ ಅಂತ ಹೇಳಿದ್ರ ಪಗಾರ ಕಡೀತೀರಿ. ನಾ ಎಲ್ಲಿ ಹೋಗಬೇಕ್ರಿ?"

ತನ್ವಿಯ ಕೈ ಇನ್ನೂ ಅವಳ ಕೊರಳಿನಲ್ಲಿತ್ತು. ಒಂದೊಂದೇ ಬೆರಳು ಬಿಡಿಸಿದಳು. ಮಗು ಕಿರುಚಿತು. ಆದರೂ ಎತ್ತಿ ವಿಜೇತಾಳ ರೇಷ್ಮೆ ಸೀರೆಯ ತೊಡೆಯ ಮೇಲೆ ಕೂರಿಸಿದಳು.

"ಹಿಡೀರಿ. ನನ್ನ ಕೂಸು ಅಳಾಕತ್ತೈತಿ ಅಲ್ಲಿ."

"ಸಹಿ, ಲಕ್ಕವ್ವ," ಎಂದಳು ವಿಜೇತಾ.

ಲಕ್ಕವ್ವ ಮೆಟ್ಟು ಮೆಟ್ಟಿಕೊಂಡು ಹೊರಟುಹೋದಳು.

ಕೆಳಗೆ ಆಟೋ ಸಿಕ್ಕಿತು. ಉಡುಪಿಯ ಸರ್ಕಾರಿ ಹೆರಿಗೆ ಆಸ್ಪತ್ರೆಯ ಗೇಟಿನಲ್ಲಿ ಭೀಮೇಶ ಸಿಮೆಂಟು ಮೆತ್ತಿದ ಅಂಗಿಯಲ್ಲೇ ನಿಂತಿದ್ದ. ಲಕ್ಕವ್ವ ಅವನನ್ನು ದಾಟಿ ಒಳಗೆ ಓಡಿದಳು. ಶಶಿಕಲಾ ಅವಳ ಕೈಯನ್ನು ಉಗುರು ಇಳಿಯುವ ಹಾಗೆ ಹಿಡಿದುಕೊಂಡಳು. ಕತ್ತಲಾಗುವ ಮುಂಚೆ ಹೆರಿಗೆಯಾಯಿತು. ಹೆಣ್ಣು. ಕೊಯ್ಯಲಿಲ್ಲ, ಹೊಲಿಯಲಿಲ್ಲ.

ನರ್ಸು ಕೂಸನ್ನು ಒರೆಸಿ ಎದೆಯ ಮೇಲೆ ಮಲಗಿಸಿದಾಗ ಶಶಿಕಲಾ ಅದರ ಮುಖ ನೋಡುವ ಮೊದಲು ತಾಯಿಯ ಕಡೆ ನೋಡಿದಳು. ಮೈಯೆಲ್ಲ ಬೆವರು, ತುಟಿ ಒಣಗಿತ್ತು.

"ಅವ್ವಾ, ನಂದು ಐತೇನು?"

ಅಲ್ಲಿದ್ದ ನರ್ಸಿಗೆ ತಿಳಿಯಲಿಲ್ಲ. "ಎಂತ ಉಂಟಾ ಅಂತ ಕೇಳುದು ಇವಳು?"

"ಐತಿ ನನ್ನವ್ವ, ಐತಿ. ಎಲ್ಲಾ ಐತಿ," ಎಂದಳು ಲಕ್ಕವ್ವ. ಹದಿನಾಲ್ಕು ವರ್ಷದಿಂದ ಒಂದು ಹನಿ ಅಳದಿದ್ದವಳು ಅಲ್ಲಿ, ಹೆರಿಗೆ ಕೋಣೆಯ ಒದ್ದೆ ನೆಲದ ಮೇಲೆ ಕುಕ್ಕರಿಸಿ, ಗೊಳೋ ಎಂದು ಅತ್ತಳು.

ನಾಲ್ಕನೆಯ ದಿನ ಬೆಳಿಗ್ಗೆ, ಆಸ್ಪತ್ರೆಯಿಂದ ಮನೆಗೆ ಬಿಡುವ ಚೀಟಿಗೆ ಕಾಯುತ್ತಿದ್ದಾಗ, ಫೋನು ಬಂತು. ವಿಜೇತಾ. ದನಿಯಲ್ಲಿ ಅಧಿಕಾರಿ ಇರಲಿಲ್ಲ.

"ಲಕ್ಕವ್ವ, ಹೇಗಿದ್ದೀರಿ? ಮಗಳು ಹೇಗಿದ್ದಾಳೆ? ಇಲ್ಲಿ ತನ್ವಿ ಊಟವೇ ಮಾಡ್ತಾ ಇಲ್ಲ. ನಾನು ಮೂರು ದಿನದಿಂದ ರಜೆ ಹಾಕಿ ಕೂತಿದ್ದೇನೆ. ಏಜೆನ್ಸಿಯಿಂದ ಒಬ್ಬಳು ಬಂದಿದ್ದಳು, ಇಪ್ಪತ್ತೆರಡು ಸಾವಿರ ಅಂತೆ, ಭಾನುವಾರ ರಜೆ ಅಂತೆ, ಮೀನು ಮುಟ್ಟುದಿಲ್ಲ ಅಂತೆ. ತನ್ವಿ ಅವಳ ಕೈ ಕಚ್ಚಿಬಿಟ್ಟಳು. ನೀವು ನಾಳೆ ಬನ್ನಿ. ನೀವು ನಮ್ಮ ಮನೆಯವರೇ ಅಲ್ವಾ? ಹದಿನೈದು ಮಾಡುವಾ."

ಆ ಕಡೆ ಫೋನನ್ನು ಗುಣವತಿ ಕಿತ್ತುಕೊಂಡದ್ದು ಕೇಳಿಸಿತು.

"ಲಕ್ಕವ್ವ, ನೋಡು, ನೀನು ಅಮೆಯ ಚಿಂತೆ ಮಾಡ್ಬೇಡ. ಹೆರಿಗೆಯ ಮೈಲಿಗೆ ನಮ್ಮಲ್ಲಾದರೆ ಹೆತ್ತವಳ ತಾಯಿಗೂ ಉಂಟು. ನಮ್ಮದು ತಾಯಿಯ ಕಡೆಯ ಲೆಕ್ಕ. ನಿಮ್ಮದು ಅಪ್ಪನ ಕಡೆಯದ್ದಲ್ವಾ? ಮಗಳನ್ನು ಕೊಟ್ಟ ಮೇಲೆ ಅವಳ ಅಮೆ ಗಂಡನ ಕುಲಕ್ಕೆ. ನಿನಗೆ ಎಂತದೂ ಇಲ್ಲ. ನಾನು ಬೇಕಾದವರ ಹತ್ತಿರ ಕೇಳಿದ್ದೇನೆ. ನಾಳೆಯೇ ಬರಬಹುದು."

ಮೂವತ್ತು ತಿಂಗಳು ಇಲ್ಲದ ಮೈಲಿಗೆಯನ್ನು ಇದೆಯೆಂದು ಹೊರಗಿಟ್ಟವರು, ಈಗ ಇರುವ ಮೈಲಿಗೆಯನ್ನು ಇಲ್ಲವೆಂದು ಒಳಗೆ ಕರೆಯುತ್ತಿದ್ದರು. ಎರಡು ಸಲವೂ ಶಾಸ್ತ್ರ ಅವರ ಕೆಲಸಕ್ಕೆ ಸರಿಯಾಗಿಯೇ ಒದಗಿತ್ತು. ಲಕ್ಕವ್ವನಿಗೆ ನಗು ಬಂತು. ಬಂದ ನಗುವನ್ನು ತಡೆಯಲಿಲ್ಲ.

"ಇಲ್ರಿ ಅಮ್ಮಾರ. ನಾ ಉಡುಪಿಗೆ ಬಂದು ಹದಿನಾಕು ವರ್ಷ ಆತು. ಈಗ ನಿಮ್ಮ ಊರಿನ ಕಾನೂನ ನನಗೂ. ಪುರುಡು ನನಗೂ ಐತಿ. ನಿಮ್ಮವರಂಗ ಹದಿನಾರು ದಿನ. ಫೋನ್ ಮೇಡಮ್ಮಾರಿಗೆ ಕೊಡ್ರಿ."

ಫೋನು ಕೈ ಬದಲಾಯಿತು. "ಹದಿನಾರು ದಿನವಾ? ಲಕ್ಕವ್ವ, ಅಷ್ಟು ದಿನ ನಾನು ಸಂಬಳವಿಲ್ಲದೆ ರಜೆ ಹಾಕ್ಬೇಕಾಗ್ತದೆ!"

"ಕಷ್ಟ ಐತ್ರಿ," ಎಂದಳು ಲಕ್ಕವ್ವ. "ಪಗಾರ ಇಲ್ಲದ ರಜಾ ಬಾಳ ಕಷ್ಟ. ನನಗ ಗೊತ್ತೈತಿ. ಅದಕ್ಕ ನನಗ ಪಗಾರ ಸಹಿತ ಬೇಕು. ಪೆನ್ ಐತೇನ್ರಿ ಬಾಜೂಕ?"

"ಎಂತಕ್ಕೆ?"

"ಬರಕೊಳ್ರಿ. ಕನ್ನಡದಾಗ ಬರೀರಿ, ನನಗ ಓದಾಕ ಬರಬೇಕು. ವಾರಕ್ಕೊಂದು ದಿನ ಐತವಾರ ಸೂಟಿ, ಪಗಾರ ಕಡಿಯಂಗಿಲ್ಲ. ಹದಿನೈದಲ್ರಿ, ಹದಿನೆಂಟು. ಏಜೆನ್ಸಿಯಾಕಿಗಿಂತ ನಾಕು ಕಡಿಮಿನೇ ಹೇಳೀನಿ, ತನ್ವಿ ಮಾರಿ ನೋಡಿ. ನೀವು ಕಾಪುವಿಗೆ ಹೋದ್ರ ಅದು ನಿಮ್ಮ ಸೂಟಿ, ನಂದಲ್ಲ. ಆ ಮೂರು ದಿನದ ಪಗಾರನೂ ಕೊಡಬೇಕು. ಹಿಂದಿನ ತೊಂಬತ್ತು ದಿನದ್ದು ತಿಂಗಳಿಗೆ ಇಷ್ಟಿಷ್ಟು ಅಂತ ಕೊಡ್ರಿ, ನಾ ಕಾಯ್ತೀನಿ. ಮೀನು ನಾನೂ ಮುಟ್ಟಂಗಿಲ್ಲ, ಕೂಸಿನ ಕೆಲಸ ಅಷ್ಟ. ಮತ್ತ ಮಷಿನ್ ಹಿಂದ ಉಣ್ಣಂಗಿಲ್ಲ. ಇನ್ನೊಂದೈತ್ರಿ, ಅದನ್ನ ದೊಡ್ಡಕ್ಷರದಾಗ ಬರೀರಿ. ನನ್ನ ಹೊಟ್ಟಿ ಒಳಗ ಏನೈತಿ, ಏನಿಲ್ಲ ಅಂತ ಇನ್ನ ಮ್ಯಾಲೆ ಆ ಮನಿಯಾಗ ಯಾರೂ ಕೇಳಬಾರದು. ಇದಕ್ಕ ನೀವು ಸಹಿ ಮಾಡ್ರಿ ಮೊದಲ. ಆಮ್ಯಾಲೆ ನಾ ಮಾಡತೀನಿ."

ಆ ಕಡೆ ದೂರದಲ್ಲಿ ತನ್ವಿ ಅಳುತ್ತಿತ್ತು. ಗುಣವತಿ ತುಳುವಿನಲ್ಲಿ, ಇವಳಿಗೆ ಎಷ್ಟು ಸೊಕ್ಕು, ಇಟ್ಟುಬಿಡು ಫೋನು ಎನ್ನುತ್ತಿದ್ದರು. ಲಕ್ಕವ್ವ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಮೊಮ್ಮಗಳ ಒದ್ದೆ ಬಟ್ಟೆ ಬದಲಿಸತೊಡಗಿದಳು. ಕರೆ ಕಡಿದುಹೋದರೂ ಹೋಗಲಿ ಎಂದುಕೊಂಡಳು.

ಕರೆ ಕಡಿದುಹೋಗಲಿಲ್ಲ. ಡ್ರಾಯರ್ ಎಳೆದ ಸದ್ದು ಕೇಳಿಸಿತು. ಆಮೇಲೆ ವಿಜೇತಾಳ ದನಿ.

"ಮೊದಲಿನದ್ದು ಇನ್ನೊಮ್ಮೆ ಹೇಳಿ ಲಕ್ಕವ್ವ. ಸ್ವಲ್ಪ ನಿಧಾನ."